ಅಮ್ಮನ ಸೀರೆ ಮತ್ತು ನನ್ನ ಮಾರ್ಕರ್ ಪೆನ್ನು

ಕಲೆ ತೆಗೆಯುವ ವಿಷಯದಲ್ಲಿ ಶಿವಮೊಗ್ಗದ ವಿದ್ಯಾನಗರದ ನಮ್ಮ ಬೀದಿಯಲ್ಲಿ ನನ್ನ ಮಾತಿಗೆ ಎದುರಿಲ್ಲ. ಇದನ್ನು ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ. ಅರಿಶಿನದ ಕಲೆ, ಸಾರಿನ ಕಲೆ, ಸ್ಕೂಟರಿನ ಗ್ರೀಸು, ಕೊನೆಗೆ ಅಡಿಕೆ ಬೇಯಿಸಿದ ಚೊಗರು ಬಿದ್ದು ಕಂದುಗಟ್ಟಿದ ಪಂಚೆಯವರೆಗೆ ಎಲ್ಲವೂ ನಮ್ಮ ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಬಂದು ಹೋಗಿವೆ. ನಗರದ ಒಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು. ಯಾವ ಕಲೆಗೆ ಯಾವುದು ಮದ್ದು ಎಂದು ಊಹೆಯ ಮೇಲೆ ಹೇಳುವುದಿಲ್ಲ, ಮಾಡಿ ನೋಡಿ ಹೇಳುತ್ತೇನೆ.

ಆದರೆ ನನ್ನ ಹತ್ತಿರ ಬರುವವರು ಮೊದಲು ಒಂದು ವಿಚಾರಣೆ ಎದುರಿಸಬೇಕಾಗಿತ್ತು. ತಂದ ಬಟ್ಟೆಯ ಗಂಟು ಬಿಚ್ಚಿದ ಕೂಡಲೇ ನಾನು ಕೇಳುತ್ತಿದ್ದುದು, 'ಯಾರು ಮಾಡಿದ್ದು ಇದನ್ನ?' ಆಮೇಲೆ, 'ಆದ ಕೂಡ್ಲೇ ಯಾಕೆ ತರ್ಲಿಲ್ಲ?' ಬಟ್ಟೆ ಹತ್ತಿಯದೋ ರೇಷ್ಮೆಯದೋ ಎಂಬ ಪ್ರಶ್ನೆ ಬರುತ್ತಿದ್ದುದು ಮೂರನೆಯದಾಗಿ. 'ಪಾಪ, ಕಲೆ ತೆಗೆಸೋಕೆ ಬಂದೋರು ತಪ್ಪೊಪ್ಪಿಗೆ ಬರ್ಕೊಟ್ಟು ಹೋಗ್ಬೇಕು' ಎಂದು ನಮ್ಮವರು ಪೇಪರಿನ ಹಿಂದಿನಿಂದ ಗೊಣಗುತ್ತಿದ್ದರು. ಮನೆಯಲ್ಲಿ ನನಗೆ ತ್ಯಾವರೆಕೊಪ್ಪ ಎಂದು ಅಡ್ಡಹೆಸರು. ಅಲ್ಲಿನ ಸಫಾರಿಯ ಹುಲಿಗಳಾದರೂ ಮಧ್ಯಾಹ್ನ ಮಲಗುತ್ತವೆ ಎಂಬುದು ಅವರ ತಕರಾರು.

ಇನ್ನೊಂದು ಚಟವನ್ನೂ ಹೇಳಿಬಿಡಬೇಕು. ನಾನು ಎಲ್ಲದರ ಮೇಲೂ ಹೆಸರು ಬರೆಯುತ್ತೇನೆ. ಶಾಲೆಯ ಪ್ರಯೋಗಶಾಲೆಯಲ್ಲಿ ಹೆಸರಿಲ್ಲದ ಬಾಟಲಿ ಎಂದರೆ ಅಪಾಯ ಎಂದು ಮಕ್ಕಳಿಗೆ ಹೇಳಿ ಹೇಳಿ ಅದು ನನ್ನ ಮೈಗೇ ಹತ್ತಿತು. ನಿವೃತ್ತಿಯಾದ ದಿನ ಶಾಲೆಯಿಂದ ನಾನು ತಂದದ್ದು ಒಂದು ಶಾಲು, ಒಂದು ಹಾರ ಮತ್ತು ಅಳಿಸದ ಶಾಯಿಯ ಒಂದು ಕಪ್ಪು ಮಾರ್ಕರ್ ಪೆನ್ನು. ಅದು ಮುಗಿದ ಮೇಲೆ ನಾನೇ ಡಜನ್ ಲೆಕ್ಕದಲ್ಲಿ ತರಿಸಿದೆ. ಅಡುಗೆಮನೆಯ ಡಬ್ಬಿಗಳ ಮೇಲೆ ಹೆಸರು, ಒಳಗಿನ ಸಾಮಾನು ತಂದ ದಿನ. ಸ್ವಿಚ್ಚುಗಳ ಕೆಳಗೆ ಯಾವುದು ಯಾವ ದೀಪದ್ದು ಎಂಬ ವಿವರ. ಒಮ್ಮೆ ನಮ್ಮವರ ಚಪ್ಪಲಿಯ ಮೇಲೂ ಹೆಸರು ಬರೆದಿದ್ದೆ, ದೇವಸ್ಥಾನದ ಬಾಗಿಲಲ್ಲಿ ಕಳೆಯಬಾರದೆಂದು. ಕಳೆಯಲಿಲ್ಲ. ಅವರು ಮಾತ್ರ ಆ ಚಪ್ಪಲಿ ಹಾಕಿಕೊಂಡು ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟರು.

ಇನ್ನು ಅಮ್ಮನ ಸೀರೆಯ ವಿಷಯ. ಹಾಲುಕೆನೆ ಬಣ್ಣದ ರೇಷ್ಮೆ, ಕುಂಕುಮದ ಬಣ್ಣದ ಎರಡು ಬೆರಳಗಲದ ಅಂಚು. ಅಪ್ಪ ತೀರಿಕೊಂಡ ಮೇಲೆ ಅಮ್ಮ ರೇಷ್ಮೆ ಉಡುವುದನ್ನು ಬಿಟ್ಟಳು. ನಾವು ಇಬ್ಬರೇ ಹೆಣ್ಣುಮಕ್ಕಳು, ಸೀರೆ ಒಂದು. 'ಒಂದು ವರ್ಷ ದೊಡ್ಡವಳು ಉಡಲಿ, ಒಂದು ವರ್ಷ ಚಿಕ್ಕವಳು ಉಡಲಿ' ಎಂದು ಅಮ್ಮ ತೀರ್ಮಾನ ಮಾಡಿದಳು. ಅಂದಿನಿಂದ ನಮ್ಮಲ್ಲಿ ಗೌರಿಹಬ್ಬ ಹೀಗೇ ನಡೆಯುತ್ತಿದೆ. ಸೀರೆ ಉಡುವ ಸರದಿ ಯಾರದೋ ಆ ವರ್ಷ ಗೌರಿ ಅವರ ಮನೆಯಲ್ಲಿ. ಇನ್ನೊಬ್ಬಳು ಸೀರೆ ಮತ್ತು ಬಾಗಿನ ಹಿಡಿದುಕೊಂಡು ಅಲ್ಲಿಗೆ ಹೋಗಬೇಕು. ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ನಮಗೆ ತವರುಮನೆ ಅಂತ ಉಳಿದಿರುವುದು ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಓಡಾಡುವ ಆ ಸೀರೆ ಒಂದೇ.

ಭದ್ರಾವತಿ ಎಂದೆನಲ್ಲ, ತಂಗಿ ಇರುವುದು ಅಲ್ಲಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಅವಳ ಗಂಡ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಆ ಮನೆಯಲ್ಲೇ. ಈ ಸಲದ ಸರದಿ ತಂಗಿಯದು. ದೀಪಾವಳಿಯ ಹೊತ್ತಿಗೆ ಅವರು ಕ್ವಾರ್ಟರ್ಸ್ ಬಿಟ್ಟು ಬೇರೆ ಮನೆಗೆ ಹೋಗುವವರಿದ್ದರು. ಹಾಗಾಗಿ ಅಮ್ಮ ಇದ್ದ ಮನೆಯಲ್ಲಿ ಅಮ್ಮನ ಸೀರೆ ಉಟ್ಟು ಮಾಡುವ ಕೊನೆಯ ಗೌರಿ ಇದು. ತಂಗಿ ಇದನ್ನು ಫೋನಿನಲ್ಲಿ ಮೂರು ಸಲ ಹೇಳಿದ್ದಳು.

ಆ ಸೀರೆಗೆ ನಿಯಮಗಳಿದ್ದವು. ಮಾಡಿದವಳು ನಾನೇ ಎಂದು ಬೇರೆ ಹೇಳಬೇಕಿಲ್ಲ. ಡ್ರೈ ವಾಶಿಗೆ ಕೊಡಬಾರದು. ಇಸ್ತ್ರಿಪೆಟ್ಟಿಗೆಯನ್ನು ನೇರವಾಗಿ ಇಡಬಾರದು, ಮೇಲೊಂದು ಬಟ್ಟೆ ಹಾಕಿಯೇ ಇಸ್ತ್ರಿ ಮಾಡಬೇಕು. ಹಳೆಯ ಪಂಚೆಯಲ್ಲೇ ಸುತ್ತಿಡಬೇಕು. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಬೇಕು. ಪ್ರತಿ ಸಲ ಸೀರೆ ಕೈಗೆ ಬಂದಾಗ ನಾನು ಕನ್ನಡಕ ಹಾಕಿಕೊಂಡು ಅಂಚು, ಸೆರಗು ಎಲ್ಲ ಪರೀಕ್ಷೆ ಮಾಡುತ್ತಿದ್ದೆ. ತಂಗಿ ಎದುರಿಗೆ ನಿಂತಿರುತ್ತಿದ್ದಳು, ಕಾಪಿ ಪುಸ್ತಕ ತಿದ್ದಿಸಲು ಬಂದ ಹುಡುಗಿಯ ಹಾಗೆ.

ಶ್ರಾವಣದಲ್ಲಿ ಮನೆಗೆ ಬಣ್ಣ ಹೊಡೆಸಿದೆವು. ಬೀರುವಿನ ಸಾಮಾನೆಲ್ಲ ಮಂಚದ ಮೇಲೆ ಬಂತು. ರೇಷ್ಮೆ ಸೀರೆಗಳ ಐದು ಗಂಟು, ಐದಕ್ಕೂ ಹಳೆಯ ಬಿಳಿ ಪಂಚೆ, ನೋಡಲು ಎಲ್ಲ ಒಂದೇ. ನನಗೆ ಸಹಿಸಲಾಗಲಿಲ್ಲ. ಮಾರ್ಕರ್ ತೆಗೆದುಕೊಂಡು ಒಂದೊಂದರ ಮೇಲೂ ಬರೆದೆ. ಅಮ್ಮನ ಸೀರೆಯ ಗಂಟಿನ ಮೇಲೆ ದಪ್ಪಗೆ 'ಅಮ್ಮನ ಸೀರೆ, ಭದ್ರಾವತಿಗೆ, ಬೇರೆ ಯಾರೂ ಮುಟ್ಟಬಾರದು' ಎಂದು ಬರೆದೆ. ಪಂಚೆ ಒಗೆದೊಗೆದು ತೆಳುವಾಗಿತ್ತು. ಶಾಯಿ ಹೀರಿಕೊಂಡು ಅಕ್ಷರ ಮಸುಕಾಗಿ ಕಂಡಿತು. ಅದಕ್ಕೆ ಮೇಲಿಂದ ಇನ್ನೊಂದು ಸಲ ತಿದ್ದಿದೆ. ಹೀರಿದ ಶಾಯಿ ಎಲ್ಲಿಗೆ ಹೋಯಿತು ಎಂದು ಈ ವಿಜ್ಞಾನದ ಮೇಡಂ ಒಂದು ಕ್ಷಣವೂ ಯೋಚಿಸಲಿಲ್ಲ.

ಹಬ್ಬಕ್ಕೆ ಹತ್ತು ದಿನ ಇದ್ದಾಗ ಗಂಟು ಬಿಚ್ಚಿದೆ. ಮೇಲಿನ ಮಡಿಕೆಯಲ್ಲಿ, ಸೆರಗು ಹೆಗಲ ಮೇಲೆ ಬೀಳುವ ಜಾಗದಲ್ಲಿ, ಕಪ್ಪು ಚುಕ್ಕೆಗಳೂ ಗೆರೆಗಳೂ ಅಂಗೈ ಅಗಲಕ್ಕೆ ಕೂತಿದ್ದವು. ಬಾಯಿಂದ ಬಂದದ್ದು ಅಭ್ಯಾಸದ ಮಾತೇ.

'ಯಾರು ಮಾಡಿದ್ದು ಇದನ್ನ?'

ನಮ್ಮವರು ಎದ್ದು ಬಂದರು. ಸೀರೆ ನೋಡಿದರು. ಕೆಳಗೆ ಬಿದ್ದಿದ್ದ ಪಂಚೆ ಎತ್ತಿ ನೋಡಿದರು. 'ಅಕ್ಷರ ನಿಂದೇ ಅಲ್ವಾ ಮಾರಾಯ್ತಿ?' ಎಂದರು.

ಅವತ್ತು ಮಧ್ಯಾಹ್ನದ ಊಟ ಯಾರಿಗೂ ರುಚಿಸಲಿಲ್ಲ. ಸಂಜೆ ತಂಗಿಯ ಫೋನು. 'ಅಕ್ಕ, ಸೀರೆ ಯಾವಾಗ ತರ್ತೀಯ? ನಿಂಗೆ ಕಷ್ಟ ಆದ್ರೆ ನಾನೇ ಬಂದು ತಗೊಂಡು ಹೋಗ್ತೀನಿ.'

'ನೀನೇನೂ ಬರೋದು ಬೇಡ. ಹಬ್ಬದ ಹಿಂದಿನ ದಿನ ನಾನೇ ತರ್ತೀನಿ.'

'ಯಾಕೆ ಸಿಟ್ಟು ಮಾಡ್ಕೋತೀಯ?'

'ಸಿಟ್ಟು ಎಲ್ಲಿ ಮಾಡ್ಕೊಂಡೆ?' ಎಂದು ರೇಗಿ ಫೋನಿಟ್ಟೆ.

ನಾನು ಹೆದರಿ ಕೂರುವ ಪೈಕಿ ಅಲ್ಲ. ಕಲೆ ನನ್ನದು, ವಿದ್ಯೆಯೂ ನನ್ನದೇ. ಮಾರನೆಯ ದಿನ ಪರೀಕ್ಷೆಗೆ ಕೂತೆ. ಸೀರೆಯ ಮೇಲೆ ಕೈ ಹಾಕುವ ಮೊದಲು ಬೇರೆ ಬಟ್ಟೆಯ ಮೇಲೆ ನೋಡಬೇಕು. ಹತ್ತಿಗೆ ನಮ್ಮವರ ಒಂದು ಬನಿಯನ್ನು ತೆಗೆದುಕೊಂಡೆ. ಅದು ಹಳೆಯದು ಎಂಬುದು ನನ್ನ ಅಭಿಪ್ರಾಯ, ಅವರದು ಬೇರೆ. ರೇಷ್ಮೆಗೆ ನನ್ನ ಮದುವೆಯ ರವಿಕೆಯನ್ನೇ ಬಲಿ ಕೊಟ್ಟೆ. ಅದೂ ಕೆನೆ ಬಣ್ಣದ್ದು. ಈಗ ಅದರ ತೋಳಿನೊಳಗೆ ನನ್ನ ಮಣಿಕಟ್ಟು ದಾಟಿ ಏನೂ ಹೋಗುವುದಿಲ್ಲ. ಎರಡರ ಮೇಲೂ ಚೌಕ ಚೌಕವಾಗಿ ಮಾರ್ಕರಿನಿಂದ ಗೀಚಿ ಎರಡು ದಿನ ಹಾಗೇ ಬಿಟ್ಟೆ. ಹಸಿ ಕಲೆ ತೆಗೆದು ಗೆದ್ದೆ ಎನ್ನುವುದು ಮೋಸ, ಸೀರೆಯ ಕಲೆ ಒಣಗಿ ವಾರಗಳಾಗಿದ್ದವು.

ಮೊದಲು ಅಡುಗೆಮನೆಯ ಪಡೆ. ನಿಂಬೆಹುಳಿ ಉಪ್ಪು ಎಂದು ಎದುರುಮನೆಯವರು ಹೇಳಿದ್ದರು, ಹಾಲಿನಲ್ಲಿ ನೆನೆಸಿ ಎಂದು ಹಿಂದಿನ ಮನೆಯವರು. ಹಾಲು ಒಡೆಯಿತು, ಕಲೆ ಅಲ್ಲಾಡಲಿಲ್ಲ. ಟೂತ್‌ಪೇಸ್ಟ್ ಉಜ್ಜಿದ್ದಕ್ಕೆ ನನ್ನ ಮದುವೆಯ ರವಿಕೆ ಪುದೀನದ ವಾಸನೆ ಹೊಡೆಯಿತು, ಅಷ್ಟೇ ಲಾಭ. ಪಾತ್ರೆ ತೊಳೆಯುವ ದ್ರವದಿಂದ ನನ್ನ ಬೆರಳು ಮಾತ್ರ ಚೊಕ್ಕಟವಾಯಿತು. ಬಚ್ಚಲು ತೊಳೆಯುವ ಆಸಿಡ್ಡನ್ನು ಬನಿಯನ್ನಿಗೆ ಹಾಕಿದರೆ ಕಲೆ ಕಪ್ಪಾಗಿಯೇ ಉಳಿದು ಸುತ್ತಲಿನ ಬಟ್ಟೆ ಹಳದಿಯಾಯಿತು. ಬ್ಲೀಚಿನ ಕಥೆ ಇನ್ನೂ ಘೋರ. ರವಿಕೆಗೆ ನಾಲ್ಕು ಹನಿ ಹಾಕಿ ಮರುದಿನ ನೋಡಿದೆ, ಬೆರಳಿನಿಂದ ಒತ್ತಿದ ಕೂಡಲೇ ರೇಷ್ಮೆ ತೂತಾಯಿತು. ಆ ಬಾಟಲಿಯನ್ನು ಅವತ್ತೇ ಬಚ್ಚಲ ಮೂಲೆಗೆ ಗಡಿಪಾರು ಮಾಡಿದೆ.

ನಿಜ ಹೇಳಬೇಕೆಂದರೆ ಇದಿಷ್ಟನ್ನೂ ಮಾಡುವ ಅಗತ್ಯವೇ ಇರಲಿಲ್ಲ. ಈ ಶಾಯಿ ನೀರಿಗೆ ಬಗ್ಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ ಎಂದು ಪ್ರತಿವರ್ಷ ಒಂಬತ್ತನೆಯ ತರಗತಿಗೆ ಪಾಠ ಮಾಡಿದವಳು ನಾನೇ. ಗಾಬರಿಯಾದಾಗ ಓದಿದ್ದೆಲ್ಲ ಮರೆತು ನಿಂಬೆಹಣ್ಣು ಹಿಡಿದಿದ್ದೆ. ಮೇಡಂಗಳಿಗೂ ಹಾಗಾಗುತ್ತದೆ.

ಕೊರೊನಾ ಕಾಲದಲ್ಲಿ ಕೊಂಡ ಸ್ಯಾನಿಟೈಸರ್ ಅಟ್ಟದ ಮೇಲಿತ್ತು. ಹತ್ತಿಯನ್ನು ಅದರಲ್ಲಿ ಅದ್ದಿ ಒತ್ತಿದೆ. ಕಪ್ಪು ಕದಲಿತು! ಆ ಸಂತೋಷಕ್ಕೆ ಔಷಧಿ ಅಂಗಡಿಗೆ ಹೋಗಿ ಸರ್ಜಿಕಲ್ ಸ್ಪಿರಿಟ್ ತಂದೆ. ಪಕ್ಕದ ಮನೆಯವಳ ಹತ್ತಿರ ಉಗುರಿನ ಬಣ್ಣ ತೆಗೆಯುವ ದ್ರಾವಣ ಕೇಳಿದೆ. ಅವಳು ನನ್ನ ಉಗುರನ್ನೂ ಮುಖವನ್ನೂ ಎರಡೆರಡು ಸಲ ನೋಡಿ ಕೊಟ್ಟಳು. ಮೂರನ್ನೂ ಬೇರೆ ಬೇರೆ ಚೌಕಗಳಿಗೆ ಹಾಕಿ, ಒಣಗಲು ಬಿಟ್ಟು ಬಂದೆ.

ಬೆಳಿಗ್ಗೆ ನೋಡಿದರೆ ಯಾವ ಚೌಕ ಯಾವುದಕ್ಕೆ ಎಂದು ಗೊತ್ತಾಗಲಿಲ್ಲ. ಚೌಕಗಳಿಗೆ ಒಂದು, ಎರಡು, ಮೂರು ಎಂದು ನಂಬರು ಬರೆದಿದ್ದೆ. ಯಾವುದರಿಂದ ಬರೆದಿದ್ದೆ? ಅದೇ ಮಾರ್ಕರಿನಿಂದ. ಸ್ಪಿರಿಟ್ ಕಲೆಯ ಜೊತೆ ನಂಬರನ್ನೂ ನುಂಗಿ ಕೂತಿತ್ತು. ನಮ್ಮವರು ನಕ್ಕು ನಕ್ಕು ಪೇಪರು ಕೆಳಗಿಟ್ಟರು. 'ಗುರುತು ಹಾಕೋಕೆ ನಿಂಗೆ ಪ್ರಪಂಚದಲ್ಲಿ ಬೇರೆ ಏನೂ ಸಿಗ್ಲಿಲ್ವಾ?'

ಆಗ ಅಮ್ಮನ ನೆನಪಾಯಿತು. ಅಗಸರಿಗೆ ಬಟ್ಟೆ ಹಾಕುವ ಕಾಲದಲ್ಲಿ ಅಮ್ಮ ಬಟ್ಟೆಯ ಮೂಲೆಗೆ ಕೆಂಪು ನೂಲಿನ ಹೊಲಿಗೆ ಹಾಕುತ್ತಿದ್ದಳು. ನನ್ನ ಲಂಗಕ್ಕೆ ಎರಡು ಹೊಲಿಗೆ, ತಂಗಿಯದಕ್ಕೆ ಒಂದು. ಓದು ಬರಹ ಅಷ್ಟಾಗಿ ಇಲ್ಲದ ಅಮ್ಮನ ಗುರುತು ಯಾವ ಸೋಪಿಗೂ ಯಾವ ಕಲ್ಲಿಗೂ ಹೋಗುತ್ತಿರಲಿಲ್ಲ, ಬೇಡವಾದಾಗ ಒಂದು ಎಳೆ ಎಳೆದರೆ ಕಲೆಯೂ ಉಳಿಯುತ್ತಿರಲಿಲ್ಲ. ಸೂಜಿಗೆ ಕೆಂಪು ನೂಲು ಪೋಣಿಸಿಕೊಂಡು ಹೊಸ ಚೌಕಗಳಿಗೆ ಒಂದು ಹೊಲಿಗೆ, ಎರಡು ಹೊಲಿಗೆ, ಮೂರು ಹೊಲಿಗೆ ಹಾಕಿ ಪರೀಕ್ಷೆ ಮತ್ತೆ ಶುರುಮಾಡಿದೆ.

ಈ ಸಲ ಉತ್ತರ ಸ್ಪಷ್ಟವಾಗಿ ಸಿಕ್ಕಿತು. ಗೆದ್ದದ್ದು ಎರಡು ಹೊಲಿಗೆಯ ಚೌಕ, ಅಂದರೆ ಸರ್ಜಿಕಲ್ ಸ್ಪಿರಿಟ್. ಆದರೆ ಅದಕ್ಕೂ ಒಂದು ಕ್ರಮ ಬೇಕು. ಮೇಲಿಂದ ಸುರಿದರೆ ಕಪ್ಪು ಒಡೆದು ಸುತ್ತ ನೇರಳೆ ಬಣ್ಣದ ಉಂಗುರ ಕಟ್ಟುತ್ತದೆ. ಕಲೆಯ ಮುಖವನ್ನು ಮಡಚಿದ ಹಳೆಯ ಬಟ್ಟೆಯ ಮೇಲೆ ಕವುಚಿ ಹಾಕಿ, ಹಿಂದಿನಿಂದ ಹತ್ತಿಯಲ್ಲಿ ಸ್ವಲ್ಪ ಸ್ವಲ್ಪವೇ ಒತ್ತಬೇಕು. ಅಂಚಿನಿಂದ ನಡುವಿಗೆ ಬರಬೇಕು, ಉಜ್ಜಬಾರದು. ಕೆಳಗಿನ ಬಟ್ಟೆಗೆ ಶಾಯಿ ಇಳಿದಂತೆಲ್ಲ ಅದನ್ನು ಸರಿಸುತ್ತಿರಬೇಕು. ಹೀಗೆ ಮಾಡಿದ ಚೌಕ ಬಿಸಿಲಿಗೆ ಹಿಡಿದರೂ ಕೆನೆ ಬಣ್ಣವಾಗಿಯೇ ಕಂಡಿತು. ನಾನು ಎದ್ದು ಕಾಫಿ ಮಾಡಿಕೊಂಡು ಕುಡಿದೆ.

ಇನ್ನು ಉಳಿದದ್ದು ಕೊನೆಯ ಹೆಜ್ಜೆ. ರವಿಕೆಯ ರೇಷ್ಮೆ ಬೇರೆ, ಸೀರೆಯ ರೇಷ್ಮೆ ಬೇರೆ. ಸೀರೆಯಲ್ಲೇ ಕಾಣದ ಒಂದು ಮೂಲೆಗೆ ಸ್ಪಿರಿಟ್ ಮುಟ್ಟಿಸಿ ನೋಡಿಯೇ ಮುಂದುವರಿಯಬೇಕು. ಸೊಂಟಕ್ಕೆ ಮೊದಲ ಸುತ್ತು ಬರುವ ಒಳತುದಿಯನ್ನು ಬಿಚ್ಚಿದೆ. ಉಟ್ಟಾಗ ಯಾರ ಕಣ್ಣಿಗೂ ಬೀಳದ ಭಾಗ ಅದು. ಇಷ್ಟು ವರ್ಷ ನನ್ನ ಪರೀಕ್ಷೆಯ ಕಣ್ಣಿಗೂ ಬಿದ್ದಿರಲಿಲ್ಲ, ನನ್ನ ಕನ್ನಡಕ ಅಂಚು ಸೆರಗು ದಾಟಿ ಹೋಗುತ್ತಿರಲಿಲ್ಲ.

ಅಲ್ಲಿ ಎಲೆಯಾಕಾರದ ಒಂದು ತೇಪೆ ಇತ್ತು. ತೇಪೆ ಎಂದರೆ ಬೇರೆ ಬಟ್ಟೆ ಇಟ್ಟು ಹೊಲಿದದ್ದಲ್ಲ, ರಫೂ ಕೆಲಸ. ಎಳೆಗೆ ಎಳೆ ಸೇರಿಸಿ ನೇಯ್ದಿದ್ದರು. ನೂಲಿನ ಬಣ್ಣ ಮಾತ್ರ ಒಂದು ಚೂರು ಹಳದಿ. ಸುತ್ತ ಸುಟ್ಟ ಕಂದಿನ ಗೆರೆ ಇನ್ನೂ ಉಳಿದಿತ್ತು. ಇಸ್ತ್ರಿಪೆಟ್ಟಿಗೆಯ ಮೂತಿ ಎಂದು ಯಾರು ಬೇಕಾದರೂ ಹೇಳಬಹುದು.

ನೆತ್ತಿಗೆ ರಕ್ತ ಏರಿತು. ನೇರವಾಗಿ ಇಸ್ತ್ರಿ ಇಡಬೇಡ ಎಂದು ತಂಗಿಗೆ ಎಷ್ಟು ಸಲ ಹೇಳಿದ್ದೆ! ಸುಟ್ಟದ್ದಲ್ಲದೆ ಗುಟ್ಟಾಗಿ ರಫೂ ಮಾಡಿಸಿ, ಪ್ರತಿ ಸಲವೂ ನನ್ನೆದುರು ಏನೂ ಅರಿಯದವಳ ಹಾಗೆ ನಿಂತಿದ್ದಾಳೆ. ಮುಚ್ಚಿಡದೆ ಹೇಳುತ್ತೇನೆ, ಆ ಸಿಟ್ಟಿನ ಜೊತೆಗೆ ನನಗೆ ಖುಷಿಯೂ ಆಯಿತು. ಆರು ದಿನದಿಂದ ತಂಗಿಗೆ ಹೇಗೆ ಮುಖ ತೋರಿಸಲಿ ಎಂದು ಒದ್ದಾಡುತ್ತಿದ್ದೆ. ಈಗ ಅವಳ ತಪ್ಪೂ ನನ್ನ ಕೈಯಲ್ಲಿತ್ತು.

'ಬಿಟ್ಟುಬಿಡು' ಎಂದರು ನಮ್ಮವರು. 'ಅವಳದ್ದೊಂದು, ನಿನ್ನದ್ದೊಂದು. ಸರಿಗೆ ಸರಿ ಆಯ್ತಲ್ಲ. ಇಬ್ರೂ ಸುಮ್ನಿರಿ.'

'ನಾನು ಮುಚ್ಚಿಡೋಳಲ್ಲ. ನಂದನ್ನೂ ಹೇಳ್ತೀನಿ, ಅವಳದ್ದನ್ನೂ ಕೇಳ್ತೀನಿ' ಎಂದೆ.

ಸ್ಪಿರಿಟ್ ಸೀರೆಗೆ ಏನೂ ಮಾಡಲಿಲ್ಲ. ಎರಡು ಹಗಲು ಕಿಟಕಿಯ ಬಳಿ ಕೂತು, ಹಿಂದಿನಿಂದ ಒತ್ತುತ್ತ, ಕೆಳಗಿನ ಬಟ್ಟೆ ಸರಿಸುತ್ತ, ಅಂಗೈ ಅಗಲದ ಕಲೆಯನ್ನು ಇಳಿಸಿದೆ. ನನ್ನ ಕೈ ಒಮ್ಮೆಯೂ ತಪ್ಪಲಿಲ್ಲ. ಕೊನೆಗೆ ಉಳಿದದ್ದು ಹೆಬ್ಬೆರಳ ಗುರುತಿನಷ್ಟು ತೆಳು ನೇರಳೆ ನೆರಳು, ನಾನು ಅಕ್ಷರವನ್ನು ಎರಡನೆಯ ಸಲ ತಿದ್ದಿದ್ದ ಜಾಗದಲ್ಲಿ. ಇನ್ನೂ ಒತ್ತಿದರೆ ರೇಷ್ಮೆಯ ಹೊಳಪು ಹೋಗುತ್ತದೆ ಎಂದು ಗೊತ್ತಿತ್ತು. ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಿರುವುದೂ ವಿದ್ಯೆಯೇ. ನಿಲ್ಲಿಸಿದೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಭದ್ರಾವತಿಯ ಬಸ್ಸು ಹತ್ತಿದೆ. ಬಾಗಿನದ ಮೊರಗಳು ಕಾಲಬುಡದಲ್ಲಿ, ಸೀರೆ ತೊಡೆಯ ಮೇಲೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೊದಲು ನನ್ನದನ್ನು ಚುಟುಕಾಗಿ ಒಪ್ಪಿಕೊಳ್ಳುವುದು, ಅವಳು ಏನಾದರೂ ಅನ್ನುವ ಮೊದಲೇ ಒಳತುದಿ ಬಿಚ್ಚಿ ತೋರಿಸುವುದು.

ಕಾಗದನಗರದ ಆ ಮನೆಯಲ್ಲಿ ಅರ್ಧ ಸಾಮಾನು ಆಗಲೇ ರಟ್ಟಿನ ಪೆಟ್ಟಿಗೆಗಳಲ್ಲಿತ್ತು. ಅಮ್ಮ ಮಲಗುತ್ತಿದ್ದ ಮಂಚ ಮಾತ್ರ ಕಿಟಕಿಯ ಕೆಳಗೆ ಇದ್ದಲ್ಲೇ ಇತ್ತು. ತಂಗಿ ಅದರ ಮೇಲೆ ಕೂತು ಗಂಟು ಬಿಚ್ಚಿದಳು.

'ಅಯ್ಯೋ, ನಿಮ್ಮನೆಯಿಂದ ಬಂದ ಗಂಟಿನ ಮೇಲೆ ಹೆಸರೇ ಇಲ್ಲ! ಹುಷಾರಾಗಿದೀಯ ತಾನೇ ಅಕ್ಕ?'

ಸೀರೆಯನ್ನು ಕೆನ್ನೆಗೆ ಒತ್ತಿಕೊಂಡಳು. ಮೂಸಿದಳು. ಕಲೆ ಇದ್ದ ಜಾಗದ ಮೇಲೆಯೇ ಕೈ ಆಡಿಸಿದಳು. ಅವಳಿಗೆ ಏನೂ ಕಾಣಲಿಲ್ಲ. ಸಿಕ್ಕಿಬಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಸಿಕ್ಕಿಬೀಳದೆ ಕೂರುವುದು ನನ್ನಿಂದಾಗಲಿಲ್ಲ.

'ಸೆರಗನ್ನ ಬೆಳಕಿಗೆ ಹಿಡಿದು ನೋಡು' ಎಂದೆ.

ಹಿಡಿದಳು. 'ಏನಿದು, ನೇರಳೆ ನೇರಳೆ?'

'ಮಾರ್ಕರ್. ಪಂಚೆ ಮೇಲೆ ಹೆಸರು ಬರೆದೆ, ಒಳಗೆ ಇಳೀತು. ನಾನೇ ಮಾಡಿದ್ದು.'

ತಂಗಿ ನನ್ನ ಮುಖ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. 'ನೀನಾ? ಮಾರ್ಕರಲ್ಲಿ? ಅಮ್ಮನ ಸೀರೆಗೆ?' ಪಕ್ಕದ ಕ್ವಾರ್ಟರ್ಸಿನ ತಮಿಳಿನವರು ಕಿಟಕಿಯಿಂದ ಇಣುಕಿ 'ಎನ್ನಮ್ಮಾ, ಏನಾಯ್ತು?' ಎಂದು ಕೇಳುವಷ್ಟು ನಕ್ಕಳು. ನನಗೆ ಉರಿಯಿತು. ಜೋಡಿಸಿಕೊಂಡ ಮಾತೆಲ್ಲ ಹಾರಿಹೋಯಿತು. ಸೀರೆಯನ್ನು ಅವಳ ಕೈಯಿಂದ ಎಳೆದುಕೊಂಡು ಒಳತುದಿ ಬಿಚ್ಚಿ ಮುಂದೆ ಹಿಡಿದೆ.

'ನಕ್ಕಿದ್ದು ಸಾಕು. ಯಾರು ಮಾಡಿದ್ದು ಇದನ್ನ?'

ಅವಳ ನಗು ನಿಂತಿತು. ರಫೂ ಮಾಡಿದ ಜಾಗವನ್ನು ಬೆರಳಿನಿಂದ ಮುಟ್ಟಿದಳು.

'ಅಮ್ಮ' ಎಂದಳು.

ತಂಗಿ ಮೆಲ್ಲಗೆ ಹೇಳಿದಳು.

'ಅಮ್ಮ ಹೋಗೋಕೆ ಮೂರು ವರ್ಷ ಮುಂಚೆ. ಆ ಸಲ ಸೀರೆ ನಿಂಗೆ ಬರೋದಿತ್ತು. ನಾನು ಸಂತೆಗೆ ಹೋಗಿದ್ದೆ. ಸುಕ್ಕಿದ್ರೆ ದೊಡ್ಡವಳು ಚಿಕ್ಕವಳಿಗೆ ಬೈತಾಳೆ ಅಂತ ಅಮ್ಮ ತಾನೇ ಇಸ್ತ್ರಿ ಹಾಕೋಕೆ ಹೋಗಿದಾಳೆ. ಆಗ್ಲೇ ಕೈ ನಡುಗ್ತಿತ್ತಲ್ಲ ಅವಳಿಗೆ. ನಾನು ವಾಪಸ್ ಬಂದಾಗ ಇದೇ ಮಂಚದ ಮೇಲೆ ಸೀರೆ ಮಡಿಲಲ್ಲಿ ಇಟ್ಕೊಂಡು ಕೂತಿದ್ಲು. ಮಗು ಥರ ಅತ್ತಳು ಅಕ್ಕ. ಹಳೇನಗರದಲ್ಲಿ ಒಬ್ರು ಸಾಬರು ರಫೂ ಮಾಡ್ತಿದ್ರು, ಅವ್ರ ಹತ್ರ ಮಾಡಿಸಿದ್ವಿ. ದೊಡ್ಡವಳಿಗೆ ಹೇಳ್ಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡ್ಲು.'

'ನಾನು ಅಮ್ಮನ್ನ ಬೈತಿರ್ಲಿಲ್ಲ' ಎಂದೆ.

ತಂಗಿ ನೆಲ ನೋಡುತ್ತ, 'ಬೈತಿದ್ದೆ ಅಕ್ಕ' ಎಂದಳು.

ಆ ವರ್ಷ ಸೀರೆ ಬಂದ ದಿನ ನನಗೆ ನೆನಪಿದೆ. ಅಮ್ಮನೇ ತಂದಿದ್ದಳು, ತಂಗಿಯ ಜೊತೆ ಬಸ್ಸಿನಲ್ಲಿ, ಮಂಡಿ ನೋವಿದ್ದರೂ. ನಾನು ಕನ್ನಡಕ ಹಾಕಿಕೊಂಡು ಅಂಚು ನೋಡುತ್ತಿದ್ದೆ. ಅಮ್ಮ ಸೋಫಾದ ತುದಿಯಲ್ಲಿ ಕೂತು, 'ಎಲ್ಲಾ ಸರಿ ಇದ್ಯೇನೇ?' ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಇನ್ನೊಂದು ಸಲ ಕೇಳಿದಳು. ಆಗ ನಾನು, 'ಸೆರಗಿನ ಮಡಿಕೆ ಓರೆಯಾಗಿದೆ. ಯಾರು ಮಡಚಿದ್ದು?' ಎಂದೆ. 'ನಾನೇ' ಎಂದಳು ಅಮ್ಮ. ಅವಳೆದುರಿಗೇ ಸೀರೆಯನ್ನು ಪೂರ್ತಿ ಬಿಚ್ಚಿ ಮತ್ತೆ ಮಡಚಿದ್ದೆ. ಒಳತುದಿ ನನ್ನ ಕೈಗೆ ಬಂದಾಗ ಅಮ್ಮನಿಗೆ ಏನಾಗಿರಬೇಕು ಎಂದು ಈಗ ಯೋಚಿಸಿದೆ. ಮಂಚದ ಮೇಲೆ ಕೂತು ಅತ್ತುಬಿಟ್ಟೆ. ಇಡೀ ಬೀದಿಯ ಕಲೆ ತೆಗೆದವಳು ನಾನು, ನನ್ನ ಹೆತ್ತ ತಾಯಿಗೆ ನನ್ನೆದುರು ಒಂದು ಕಲೆ ತೋರಿಸುವ ಧೈರ್ಯ ಇರಲಿಲ್ಲ.

ತಂಗಿ ಸಮಾಧಾನ ಮಾಡಲಿಲ್ಲ. ಕಾಫಿ ತಂದಿಟ್ಟಳು. ನಾನು ಮುಖ ತೊಳೆದುಕೊಂಡು ಬಂದು, 'ಇಸ್ತ್ರಿಪೆಟ್ಟಿಗೆ ಕೊಡು, ನಾಳೆಗೆ ನಾನೇ ಮಾಡಿಕೊಡ್ತೀನಿ' ಎಂದೆ. ಕೊಟ್ಟಳು. ಜೊತೆಗೆ ಒಂದು ತೆಳು ಟವೆಲ್ಲನ್ನೂ ಕೊಟ್ಟಳು. 'ಮೇಲೆ ಬಟ್ಟೆ ಹಾಕ್ಕೋ' ಎಂದಳು, ಗಂಭೀರವಾಗಿ. ರಫೂ ಮಾಡಿದ ಜಾಗ ಬಂದಾಗ ನನ್ನ ಕೈ ನಿಧಾನವಾಯಿತು. 

ಮಾರನೆಯ ದಿನ ಬೆಳಿಗ್ಗೆ ಗೌರಿಯ ಮುಂದೆ ದೀಪ ಹಚ್ಚಿಟ್ಟು ನಾನು ಬಾಗಿನದ ಮೊರಗಳನ್ನು ಜೋಡಿಸುತ್ತಿದ್ದೆ. ತಂಗಿ ಸೀರೆ ಉಟ್ಟು ಹೊರಗೆ ಬಂದಳು. ಅಮ್ಮನ ಹಾಗೆಯೇ ಕಂಡಳು ಎಂದರೆ ಸುಳ್ಳಾಗುತ್ತದೆ, ಅವಳು ಅಪ್ಪನ ಹೋಲಿಕೆ. ರಫೂ ಒಳಗೆಲ್ಲೋ ಸೊಂಟದ ಸುತ್ತಿನಲ್ಲಿತ್ತು. ನನ್ನ ನೇರಳೆ ನೆರಳು ಹೆಗಲ ಮೇಲಿತ್ತು, ಗೊತ್ತಿದ್ದವರಿಗೆ ಮಾತ್ರ ಕಾಣುವ ಹಾಗೆ. ಆತುರದಲ್ಲಿ ಪಿನ್ನು ಹಾಕಿಕೊಂಡಿದ್ದಳು, ಸೆರಗಿನ ಮಡಿಕೆ ಓರೆಯಾಗಿತ್ತು. ಎರಡು ಮಡಿಕೆ ಒಂದರ ಮೇಲೊಂದು ಹತ್ತಿದ್ದವು, ಮೂರನೆಯದು ಜಾರಿತ್ತು.

ಅವಳು ನನ್ನೆದುರು ನಿಂತಳು, ಹಳೆಯ ಅಭ್ಯಾಸದಂತೆ.

'ಎಲ್ಲಾ ಸರಿ ಇದ್ಯಾ ಅಕ್ಕ?'

ನಾನು ಕನ್ನಡಕ ತೆಗೆದು ಪಕ್ಕಕ್ಕಿಟ್ಟೆ. ಬಾಗಿನದ ಮೊರ ಎತ್ತಿಕೊಂಡು ಎದ್ದು ನಿಂತೆ.

'ಎಲ್ಲಾ ಸರಿ ಇದೆ' ಎಂದೆ. ತಂಗಿಗೆ ಕೇಳಿಸಿದ್ದು ಒಂದು ಸಲ. ಇನ್ನೊಂದು ಸಲ, ಕಿಟಕಿಯ ಕೆಳಗಿನ ಅಮ್ಮನ ಮಂಚದ ಕಡೆ ನೋಡಿ ತುಟಿಯೊಳಗೇ ಹೇಳಿದೆ.